ನಡುವಣ ಮನೆಯ ವರಮಾನ

ಒಂದು ಊರು ಮುಂದೆ ಬಂದಿದೆಯೆ ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಕಣ್ಣಿಗೆ ಬಿದ್ದುದನ್ನು ಹೇಳುತ್ತೇವೆ: ಮಹಡಿ ಮನೆಗಳು ಎದ್ದಿವೆ, ವಾಹನಗಳು ಹೆಚ್ಚಿವೆ, ಅಂಗಡಿಗಳ ಸಾಲು ಬೆಳೆದಿದೆ. ಗೊಟ್ಟಿಗೆರೆಯನ್ನು ಕುರಿತು ಹಾಗೆ ಹೇಳುವುದು ಬಹು ಸುಲಭ. ಬನ್ನೇರುಘಟ್ಟ ರಸ್ತೆಯಲ್ಲಿ, ಕೆರೆಯೊಂದನ್ನು ಮಗ್ಗುಲಲ್ಲಿಟ್ಟುಕೊಂಡಿದ್ದ ಉತ್ತರಹಳ್ಳಿ ಹೋಬಳಿಯ ಈ ಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಬಂದಿತು. ಆದರೆ ಇಲ್ಲಿನ ಸಾಧಾರಣ ಸಂಸಾರವೊಂದಕ್ಕೆ ತಿಂಗಳಿಗೆ ಎಷ್ಟು ಬರುತ್ತದೆ, ಮೂವತ್ತು ವರ್ಷದ ಹಿಂದೆ ಎಷ್ಟು ಬರುತ್ತಿತ್ತು ಎಂದರೆ ಉತ್ತರ ಅಷ್ಟು ಸುಲಭವಲ್ಲ.

‘ಸಾಧಾರಣ ಸಂಸಾರ’ ಎಂದರೆ ಯಾವುದು? ಏಳು ಮನೆಗಳಿವೆಯೆಂದು ಭಾವಿಸಿ. ಆರು ಮನೆಗಳ ವರಮಾನ ಒಂಬತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟು ಸಾವಿರ. ಏಳನೆಯವರಿಗೆ ಬಾಡಿಗೆಯಿಂದಲೇ ಎರಡು ಲಕ್ಷ. ಎಲ್ಲವನ್ನೂ ಕೂಡಿ ಏಳರಿಂದ ಭಾಗಿಸಿದರೆ ಸರಾಸರಿ ನಲವತ್ತು ಸಾವಿರ. ಆರು ಮನೆಗಳಲ್ಲಿ ಒಂದಾದರೂ ಅದರ ಅರ್ಧವನ್ನೂ ಮುಟ್ಟುವುದಿಲ್ಲ! ಮನೆಗಳನ್ನು ವರಮಾನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವಣದನ್ನು ಕೇಳಿದರೆ ಹದಿನಾಲ್ಕು ಸಾವಿರ ಎನ್ನುತ್ತದೆ. ಇದೇ ಮಧ್ಯಾಂಕ. ಭೂಮಿಯ ಬೆಲೆ ಏರಿದ ಊರಿನಲ್ಲಿ ಸರಾಸರಿಯನ್ನು ನಂಬುವುದು, ನನ್ನ ಅಭಿಪ್ರಾಯದಲ್ಲಿ, ಒಬ್ಬರ ಊಟದಿಂದ ಊರಿನ ಹಸಿವನ್ನು ಅಳೆದಂತೆ.

ಆದರೆ ಮಧ್ಯಾಂಕಕ್ಕೆ ಮನೆಮನೆಯ ಲೆಕ್ಕ ಬೇಕು. ನಮ್ಮ ಜನಗಣತಿಯಲ್ಲಿ ವರಮಾನವನ್ನು ಕೇಳುವುದಿಲ್ಲ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 1955ರಲ್ಲಿಯೂ 1958–59ರಲ್ಲಿಯೂ, 1960ರ ದಶಕದಲ್ಲಿ ಮತ್ತೆಯೂ ಕೇಳಿ ನೋಡಿದರು. ಜನ ಹೇಳಿದ ವರಮಾನವು ಅವರ ಖರ್ಚು ಉಳಿತಾಯಗಳಿಗಿಂತ ಕಡಿಮೆ ಬಂದಿತು, ಕೆಲಸ ಮುಂದುವರಿಯಲಿಲ್ಲ. ಆದುದರಿಂದ ನಮಗೆ ಸಿಕ್ಕುವುದು ಹೆಚ್ಚಾಗಿ ಖರ್ಚಿನ ಲೆಕ್ಕ. 2022–23ರಲ್ಲಿ ಭಾರತದ ಗ್ರಾಮಾಂತರದಲ್ಲಿ ತಲೆಯೊಂದಕ್ಕೆ ತಿಂಗಳ ವೆಚ್ಚ 3,773 ರೂಪಾಯಿ. ಇದು ಖರ್ಚು, ವರಮಾನವಲ್ಲ, ತಲೆಗೆ, ಮನೆಗಲ್ಲ, ಸರಾಸರಿ, ಮಧ್ಯಾಂಕವಲ್ಲ. ನಾವು ಹುಡುಕುವ ಅಂಕಿಯಿಂದ ಮೂರು ಹೆಜ್ಜೆ ದೂರ.

ಜನ ಕಡಿಮೆ ಹೇಳುವುದೇಕೆ? ಸುಳ್ಳುಗಾರರೆಂದಲ್ಲ. ಪಡಿತರ ಚೀಟಿಗೂ ಮಕ್ಕಳ ವಿದ್ಯಾರ್ಥಿವೇತನಕ್ಕೂ ವರಮಾನದ ಮಿತಿಯುಂಟು. ಪುಸ್ತಕ ಹಿಡಿದು ಬಾಗಿಲಿಗೆ ಬಂದವರು ಲೆಕ್ಕಕ್ಕೆ ಬಂದರೋ ಕಾರ್ಡು ಕಿತ್ತುಕೊಳ್ಳಲು ಬಂದರೋ ಎಂಬುದು ಗೃಹಿಣಿಗೆ ಹೇಗೆ ತಿಳಿಯಬೇಕು? ಇನ್ನು ಕೆಲವನ್ನು ಅವರು ವರಮಾನವೆಂದೇ ಎಣಿಸುವುದಿಲ್ಲ. ಹೊಲದಲ್ಲಿ ಬೆಳೆದು ಮನೆಯಲ್ಲೇ ಉಂಡ ರಾಗಿಗೆ ಬೆಲೆ ಕಟ್ಟಬೇಕು. ಡೈರಿಗೆ ಹಾಕಿದ ಹಾಲಿನ ಹಣದಲ್ಲಿ ಹಿಂಡಿ ಬೂಸಾದ ಖರ್ಚನ್ನು ಕಳೆಯಬೇಕು. ಜಮೀನು ಮಾರಿ ಬಂದ ಹಣವೋ, ವರಮಾನವೇ ಅಲ್ಲ. ಆಸ್ತಿ ವೇಷ ಬದಲಿಸಿದೆ, ಅಷ್ಟೆ. ಅದನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ವರಮಾನ.

ಕಾಲದಿಂದ ಕಾಲಕ್ಕೆ ಹೋಲಿಸುವಾಗ ತೊಡಕು ಇಮ್ಮಡಿಯಾಗುತ್ತದೆ. ಬೆಲೆ ಏರಿಕೆಯನ್ನು ಸೂಚ್ಯಂಕದಿಂದ ತೆಗೆಯಬಹುದು. ಆದರೆ ತಿಂಗಳಿಗೆ ಮೂವತ್ತು ಸಾವಿರದ ಕೂಡುಕುಟುಂಬ ಪಾಲಾಗಿ ಹದಿನೆಂಟು, ಹನ್ನೆರಡರ ಎರಡು ಮನೆಗಳಾದರೆ, ಯಾರೂ ಬಡವರಾಗದೆಯೇ ಮಧ್ಯಾಂಕ ಇಳಿಯಬಹುದು. ಎಷ್ಟು ಬಾಯಿಗೆ ಎಷ್ಟು ವರಮಾನ ಎಂಬುದನ್ನೂ ಜೊತೆಗಿಡಬೇಕು. ಎಲ್ಲೆಯೂ ನಿಲ್ಲುವುದಿಲ್ಲ: ಗೊಟ್ಟಿಗೆರೆ ನಗರದ ಲೆಕ್ಕಕ್ಕೆ ಹೋದಮೇಲೆ ಉಳಿದ ‘ಗ್ರಾಮಾಂತರ’ದ ಅಂಕಿಯೇ ಬದಲಾಯಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿದ್ದಾರೆ. ಮುಂದೆ ಅಂಕಿಅಂಶ ಓದುವವರು ತಾಲ್ಲೂಕೋ ಜಿಲ್ಲೆಯೋ ಎಂದು ನೋಡಿಕೊಳ್ಳಲಿ!

ಈ ಕೆಲಸವನ್ನು ತಾಳ್ಮೆಯಿಂದ ಮಾಡಿದವರಿಲ್ಲವೆ? ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಲೆಕ್ಕ ತೆಗೆದರು. ವಂಗಲ, ದಲೇನ ಎಂಬುವು ಅವರು ಕೊಟ್ಟ ಮರೆಹೆಸರುಗಳು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಇಲ್ಲ. ನೀರಿಲ್ಲದವರು ಸುಮ್ಮನೆ ಕೂಡಲಿಲ್ಲ. ವ್ಯಾಪಾರ, ಹಿಟ್ಟಿನ ಗಿರಣಿ, ಪಟ್ಟಣದ ಉದ್ಯೋಗ ಎಂದು ಹೊರಗೆ ದಾರಿ ಹುಡುಕಿದರು. ಪಹಣಿಯನ್ನಷ್ಟೇ ನೋಡಿದ್ದರೆ ಆ ವರಮಾನ ಕಾಣುತ್ತಿರಲಿಲ್ಲ. 1970ರಲ್ಲಿ ಆಕೆ ಅದೇ ಹಳ್ಳಿಗಳಿಗೆ ಮರಳಿದರು. ಹೀಗೆ ಮರಳಿ ಹೋಗುವುದರಲ್ಲೇ ಇದರ ಸತ್ವವಿದೆ. ಎರಡು ಭೇಟಿಗಳ ನಡುವೆ ನೇರ ಗೆರೆ ಎಳೆದು ವರ್ಷವರ್ಷದ ಅಂಕಿ ತುಂಬುವವರಿದ್ದಾರೆ. ಮಳೆ ಹೋದ ವರ್ಷ ಆ ಗೆರೆಯ ಮಾತು ಕೇಳುವುದಿಲ್ಲ.

ಮನೆಗಳ ವರಮಾನಕ್ಕೆಂದೇ ರಾಷ್ಟ್ರೀಯ ಸಮೀಕ್ಷೆಯೊಂದನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಗೊಟ್ಟಿಗೆರೆಯಂಥ ಊರಿನಲ್ಲಿ ಎಣಿಸುವವರು ಮೊದಲು ಮನೆಗಳ ಪಟ್ಟಿಯನ್ನು ನೋಡಲಿ. ಮತದಾರರ ಪಟ್ಟಿಯಿಂದ ಹೊರಟರೆ, ಕಟ್ಟಡದ ಕೆಲಸಕ್ಕೆಂದು ಬಂದು ತಗಡಿನ ಶೆಡ್ಡಿನಲ್ಲಿರುವ ಸಂಸಾರಗಳು ಬಿಟ್ಟುಹೋಗುತ್ತವೆ. ಅವರನ್ನು ಬಿಟ್ಟರೆ ಸಾಲಿನ ಕೆಳತುದಿ ಮೊಟಕಾಗಿ, ನಡುವಣ ಮನೆ ತಾನಾಗಿ ಮೇಲಕ್ಕೆ ಸರಿಯುತ್ತದೆ.