ಕೆನ್ನೆಯೊಳಗಿನ ಬೆಳಕು

ಬೆಳಕು ಹಾಯಿಸಿ ಕ್ಯಾನ್ಸರ್ ಗುರುತಿಸುವ ವಿದ್ಯೆಯ ಬೇರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರೆಗೆ ಹೋಗುತ್ತದೆ. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡದ್ದನ್ನು ಸಿ. ವಿ. ರಾಮನ್ ವಿದ್ವಾಂಸರ ಸಭೆಗೆ ಬಿಡಿಸಿ ಹೇಳಿದ್ದು ಅಲ್ಲಿ, ಮಾರ್ಚ್ 16ರಂದು. ಉಪನ್ಯಾಸದ ಹೆಸರು ‘ಒಂದು ಹೊಸ ವಿಕಿರಣ’. ಮೊದಲ ಪ್ರಯೋಗಗಳಿಗೆ ಅವರಲ್ಲಿದ್ದ ಸಲಕರಣೆಯಾದರೂ ಎಂಥದು! ಕಿಟಕಿಯ ಬಿಸಿಲು, ಬಣ್ಣದ ಗಾಜು, ಶುದ್ಧ ದ್ರವ ತುಂಬಿದ ಸೀಸೆ, ನೋಡಲು ಬರಿಗಣ್ಣು. ಒಂದೇ ಬಣ್ಣದ ಬೆಳಕು ದ್ರವದೊಳಗೆ ಹೊಕ್ಕು ಚದುರಿದಾಗ ಕೋಟಿಯಲ್ಲಿ ಒಂದು ಪಾಲಿನಷ್ಟು ಬೇರೆ ಬಣ್ಣ ತಾಳಿ ಹೊರಬರುತ್ತದೆ. ಬಣ್ಣ ಎಷ್ಟು ಸರಿಯಿತು ಎಂಬುದನ್ನು ಆ ದ್ರವದ ಅಣುಗಳ ಕಂಪನ ನಿರ್ಧರಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೆಬ್ಬೆಟ್ಟಿನ ಗುರುತು ಇರುವಂತೆ ಒಂದೊಂದು ವಸ್ತುವಿಗೆ ಒಂದೊಂದು ರೋಹಿತ, ಅಂದರೆ ಬೆಳಕಿನ ಬಣ್ಣಪಟ್ಟಿ. ಈ ಶೋಧಕ್ಕೆ 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ರಾಮನ್ ಬೆಂಗಳೂರಿಗೇ ಬಂದು ನೆಲೆಸಿದರು. 1960ರಲ್ಲಿ ಲೇಸರ್ ಹುಟ್ಟಿತು. ಕೋಟಿಗೊಂದರ ಆ ಮಂಕು ಬೆಳಕನ್ನು ಹಿಡಿಯುವುದು ಸುಲಭವಾಯಿತು.

ಮುಂದಿನ ಕಥೆ ಮಣಿಪಾಲದ್ದು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೋಹಿತಶಾಸ್ತ್ರ ನಡೆಸಿದ್ದ ವಿ. ಬಿ. ಕರ್ತಾ ಮಣಿಪಾಲಕ್ಕೆ ಬಂದು ಅದನ್ನು ರೋಗಿಯ ಕಡೆಗೆ ತಿರುಗಿಸಿದರು. ಅವರ ಜತೆ ದುಡಿದವರು ಸಿ. ಮುರಳಿಕೃಷ್ಣ. ಬಾಯಿಯ ಕ್ಯಾನ್ಸರ್ ಗಡ್ಡೆಯ ಚೂರನ್ನೂ ಆರೋಗ್ಯವಂತ ಚೂರನ್ನೂ ಲೇಸರಿಗೆ ಒಡ್ಡಿದಾಗ ವ್ಯತ್ಯಾಸ ಎದ್ದು ಕಂಡಿತು: ಆರೋಗ್ಯವಾದ ಒಳಗೆನ್ನೆಯ ರೋಹಿತದಲ್ಲಿ ಕೊಬ್ಬಿನ ಗುರುತು ಮುಂದು, ಗಡ್ಡೆಯಲ್ಲಿ ಪ್ರೋಟೀನಿನದು. ಈ ಕೆಲಸ 2001ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲೇ ಅಚ್ಚಾಯಿತು.

ಮುರಳಿಕೃಷ್ಣ ಆಮೇಲೆ ನವಿ ಮುಂಬೈಯಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾಲಯಕ್ಕೆ ಹೋದರು. ಅಲ್ಲಿ ಚೂರು ಕತ್ತರಿಸುವ ಗೋಜೂ ತಪ್ಪಿತು. ಸಣ್ಣ ಗಾಜಿನೆಳೆಯ ಕಡ್ಡಿಯನ್ನು ರೋಗಿಯ ಕೆನ್ನೆಗೆ ತಾಗಿಸಿ, ನೋವಿಲ್ಲದೆ, ಕೆಲವೇ ಸೆಕೆಂಡುಗಳಲ್ಲಿ ರೋಹಿತ ತೆಗೆದರು. ಆಗ ಕಂಡದ್ದು ಎದೆ ಝಲ್ಲೆನಿಸುವಂಥದು. ಒಂದು ಕೆನ್ನೆಯಲ್ಲಿ ಗಡ್ಡೆಯಿದ್ದವರ ಇನ್ನೊಂದು ಕೆನ್ನೆ ಕಣ್ಣಿಗೆ ಚೆನ್ನಾಗಿಯೇ ಇದ್ದರೂ, ಅದರ ರೋಹಿತ ಆರೋಗ್ಯವಂತರದಕ್ಕಿಂತ ಬೇರೆಯಾಗಿತ್ತು.

ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುವ ಅಭ್ಯಾಸ ನಮ್ಮಲ್ಲೂ ಇದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸೀಮೆಯಲ್ಲಿ ಊಟವಾದ ಮೇಲೆ ಎಲೆಅಡಿಕೆ, ಅದರೊಂದಿಗೆ ಕಡ್ಡಿ ಹೊಗೆಸೊಪ್ಪು ಹಾಕಿಕೊಳ್ಳುವವರು ಇಂದಿಗೂ ಇದ್ದಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಆ ಬೆಳಕಿನ ಕಡ್ಡಿ ಮೊದಲು ತಲುಪಬೇಕಾದದ್ದು ಇಂಥ ಊರುಗಳ ತಾಲ್ಲೂಕು ಆಸ್ಪತ್ರೆಗಳನ್ನು. ಅದು ಇನ್ನೂ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬಂದಿಲ್ಲ ಎಂಬುದೇ ನೋವು. ಕೊನೆಯ ತೀರ್ಮಾನಕ್ಕೆ ಇವತ್ತಿಗೂ ಬಯಾಪ್ಸಿಯೇ ಬೇಕು. ಬಾಯಲ್ಲಿ ಹುಣ್ಣೋ ಬಿಳಿ, ಕೆಂಪು ಮಚ್ಚೆಯೋ ಎರಡು ಮೂರು ವಾರವಾದರೂ ಮಾಯದಿದ್ದರೆ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ನಾಗಮಂಗಲ ತಾಲ್ಲೂಕಿನಲ್ಲೇ ಇರುವ ಆದಿಚುಂಚನಗಿರಿ ಆಸ್ಪತ್ರೆಗೋ ಹೋಗಿ ತೋರಿಸಿ, ನೋವಿಲ್ಲವೆಂದು ಸುಮ್ಮನಿರಬೇಡಿ.