ಕಣ್ಣಿನ ಮೇಲಿನ ಲೆನ್ಸ್, ಕಣ್ಣಿನೊಳಗಿನ ಲೆನ್ಸ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, 'ಮಕ್ಕಳಿಗೆ ಉಪಯೋಗ ಆಗೋ ಒಂದು ವಿಷಯ ಮಾತಾಡಪ್ಪ' ಎಂದರು. ಇವನು ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ಊರಿಗೆ ಬಂದಾಗ ಜನ ನನ್ನನ್ನು ಹೆಚ್ಚಾಗಿ ಕೇಳುವುದು ಕಣ್ಣಿನ ಬಗ್ಗೆ. 'ಅಷ್ಟು ದಪ್ಪ ಕನ್ನಡಕ ಹಾಕ್ತಿದ್ದೆ, ಈಗ ಇಲ್ಲವಲ್ಲ, ಏನು ಮಾಡಿಸಿದೆ? ನಮ್ಮ ಹುಡುಗಿಗೂ ಮಾಡಿಸಬಹುದಾ? ಮದುವೆಗೆ ಮುಂಚೆ ಮುಗಿಸಿಬಿಟ್ಟರೆ ಒಳ್ಳೇದಲ್ಲವಾ?' ಈ ಪ್ರಶ್ನೆಗೆ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಹಾಗಾಗಿ ಇವತ್ತು ಅದನ್ನೇ ಆರಿಸಿಕೊಂಡಿದ್ದೇನೆ.

ನಾನು ವೈದ್ಯನಲ್ಲ, ಬಿ.ಇ. ಓದಿದ ಸಾಫ್ಟ್‌ವೇರ್ ಎಂಜಿನಿಯರ್. ಹತ್ತು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದೇನೆ. ನಾಲ್ಕು ವರ್ಷಗಳಿಂದ ನನ್ನ ಎರಡೂ ಕಣ್ಣುಗಳ ಒಳಗೆ ಶಸ್ತ್ರಚಿಕಿತ್ಸೆಯಿಂದ ಕೂರಿಸಿದ ಲೆನ್ಸ್ ಇದೆ. ಎರಡನ್ನೂ ಬಳಸಿದವನಾಗಿ, ಓದಿ ಕೇಳಿ ತಿಳಿದುಕೊಂಡವನಾಗಿ ಮಾತಾಡುತ್ತೇನೆ. ನಿಮ್ಮ ಕಣ್ಣಿಗೆ ಏನು ಬೇಕೆಂದು ಹೇಳಬೇಕಾದವರು ಕಣ್ಣಿನ ವೈದ್ಯರೇ.

ಮೊದಲು ಹತ್ತನೇ ತರಗತಿಯ ವಿಜ್ಞಾನವನ್ನು ನೆನಪು ಮಾಡಿಕೊಳ್ಳೋಣ. ಸಮೀಪ ದೃಷ್ಟಿದೋಷ ಇರುವವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಇರಬೇಕಾದದ್ದಕ್ಕಿಂತ ಸ್ವಲ್ಪ ಉದ್ದವಾಗಿರುತ್ತದೆ. ದೂರದಿಂದ ಬಂದ ಬೆಳಕು ರೆಟಿನಾ ಮುಟ್ಟುವ ಮೊದಲೇ ಒಂದೆಡೆ ಸೇರಿಬಿಡುತ್ತದೆ. ನಿಮ್ನ ಮಸೂರ ಇಟ್ಟರೆ ಆ ಬೆಳಕು ಹಿಂದಕ್ಕೆ ಸರಿದು ರೆಟಿನಾ ಮೇಲೆ ಬೀಳುತ್ತದೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. 1 ಮೀಟರನ್ನು ನಿಮ್ಮ ನಂಬರಿನಿಂದ ಭಾಗಿಸಿ. ಕನ್ನಡಕ ಇಲ್ಲದೆ ಸ್ಪಷ್ಟವಾಗಿ ಕಾಣುವ ದೂರ ಸಿಗುತ್ತದೆ. ಮೈನಸ್ 2 ಇದ್ದರೆ ಅರ್ಧ ಮೀಟರ್. ನನ್ನದು ಮೈನಸ್ 8. ಅಂದರೆ ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಅದರಾಚೆಗೆ ಎಲ್ಲವೂ ಮಂಜು.

ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಒಳಗಿನ ಲೆನ್ಸ್ ಮೂರೂ ಮಾಡುವ ಕೆಲಸ ಒಂದೇ. ಮಸೂರವನ್ನು ಎಲ್ಲಿ ಇಡುತ್ತೇವೆ ಎಂಬುದಷ್ಟೇ ಬೇರೆ. ಕನ್ನಡಕ ಕಣ್ಣಿನಿಂದ ಹನ್ನೆರಡು ಮಿಲಿಮೀಟರಿನಷ್ಟು ಮುಂದೆ ಇರುತ್ತದೆ. ನಂಬರ್ ಹೆಚ್ಚಿದ್ದರೆ ವಸ್ತುಗಳು ಚಿಕ್ಕದಾಗಿ ಕಾಣುತ್ತವೆ, ಅಂಚಿನಲ್ಲಿ ಬಾಗಿದಂತೆ ಕಾಣುತ್ತವೆ. ಮಸೂರ ಕಣ್ಣಿಗೆ ಹತ್ತಿರವಾದಷ್ಟೂ ಆ ವ್ಯತ್ಯಾಸ ಕಡಿಮೆ. ಮಸೂರದ ಜಾಗ ಬದಲಾದರೆ ನಂಬರೂ ಬದಲಾಗುತ್ತದೆ. ಕನ್ನಡಕದಲ್ಲಿ ಮೈನಸ್ 8 ಇದ್ದರೆ ಕಾಂಟ್ಯಾಕ್ಟ್ ಲೆನ್ಸಿಗೆ ಸುಮಾರು ಮೈನಸ್ 7.25 ಸಾಕು. ಕನ್ನಡಕದ ಚೀಟಿ ನೋಡಿ ಲೆನ್ಸ್ ತರಿಸಿಕೊಳ್ಳಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗಿನ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸಿನ ಮೂಲ ಪುರುಷ ಜೆಕ್ ದೇಶದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಸಮಯದಲ್ಲಿ ಅವರು ಮನೆಯಲ್ಲೇ, ಮಕ್ಕಳ ಆಟಿಕೆಯ ಬಿಡಿಭಾಗ ಜೋಡಿಸಿ, ಸೈಕಲ್ ಡೈನಮೋ ಹಾಕಿ ಯಂತ್ರ ಕಟ್ಟಿ ಮೊದಲ ಲೆನ್ಸ್‌ಗಳನ್ನು ತಯಾರಿಸಿದರು. ಪ್ರಯೋಗಾಲಯ ದೊಡ್ಡದಿಲ್ಲ ಎಂದು ಬೇಸರ ಪಡುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಿ.

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾ ಮೇಲೆ, ಕಣ್ಣೀರಿನ ತೆಳು ಪದರದಲ್ಲಿ ತೇಲುತ್ತಾ ಕೂರುತ್ತದೆ. ಕಾರ್ನಿಯಾ ಪಾರದರ್ಶಕವಾಗಿರಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ಎಚ್ಚರವಾಗಿದ್ದಾಗ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದಲೇ ಬರುತ್ತದೆ. ಲೆನ್ಸ್ ಹಾಕಿದರೆ ಆ ಗಾಳಿಗೆ ಒಂದು ಮುಚ್ಚಳ ಹಾಕಿದಂತೆ. ಹಾಕಿಕೊಂಡೇ ಮಲಗಿದರೆ ರೆಪ್ಪೆಯೂ ಮುಚ್ಚಿ ಮುಚ್ಚಳದ ಮೇಲೆ ಮುಚ್ಚಳ. ಅದಕ್ಕೇ ರಾತ್ರಿ ತೆಗೆಯಲೇಬೇಕು. ಮುಟ್ಟುವ ಮುನ್ನ ಕೈಯನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು. ತೊಳೆಯುವ ದ್ರಾವಣವನ್ನು ದಿನವೂ ಹೊಸದಾಗಿ ಹಾಕಬೇಕು, ಹಳೆಯದಕ್ಕೆ ಸೇರಿಸುವಂತಿಲ್ಲ. ನಲ್ಲಿ ನೀರು, ಬೋರ್‌ವೆಲ್ ನೀರು, ಎಂಜಲು ಯಾವುದೂ ಲೆನ್ಸಿಗೆ ತಾಗಬಾರದು. ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಕಾರ್ನಿಯಾ ಹೊಕ್ಕರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ದೃಷ್ಟಿಯೇ ಹೋಗಬಹುದು. ಹೊಳೆ ಸ್ನಾನ, ಬಾವಿಯ ಈಜು ಲೆನ್ಸ್ ಹಾಕಿಕೊಂಡು ಬೇಡವೇ ಬೇಡ. ರಾಗಿ ಒಕ್ಕಣೆಯ ದೂಳಿನಲ್ಲಿ, ಸೌದೆ ಒಲೆಯ ಹೊಗೆಯಲ್ಲಿ ಕೆಲಸ ಮಾಡುವವರಿಗೆ ಕನ್ನಡಕವೇ ವಾಸಿ.

ಮದುವೆ ಅಲಂಕಾರಕ್ಕೆ ನೀಲಿ, ಹಸಿರು ಬಣ್ಣದ ಲೆನ್ಸ್ ಹಾಕುವುದು ಈಗ ಹಳ್ಳಿಗೂ ಬಂದಿದೆ. ನಂಬರ್ ಇಲ್ಲದಿದ್ದರೂ ಅದು ಕಾಂಟ್ಯಾಕ್ಟ್ ಲೆನ್ಸೇ, ಮೇಲಿನ ನಿಯಮಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕಿಕೊಳ್ಳುವುದು ಅತಿ ಅಪಾಯ.

ಇಷ್ಟು ಶಿಸ್ತು ಇದ್ದರೆ ಕಾಂಟ್ಯಾಕ್ಟ್ ಲೆನ್ಸ್ ಒಳ್ಳೆಯ ಸಾಧನ. ಬೇಡವೆನಿಸಿದ ದಿನ ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳಬಹುದು. ನನಗೆ ಹತ್ತು ವರ್ಷ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಕಣ್ಣು ಒಣಗಲು ಶುರುವಾಯಿತು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಜೊತೆಗೆ ಎ.ಸಿ. ಗಾಳಿ. ಸಂಜೆಯಾದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಆಗ ವೈದ್ಯರು ಎರಡನೆಯ ದಾರಿಯ ಬಗ್ಗೆ ಹೇಳಿದರು.

ಕಣ್ಣಿನೊಳಗೆ ಲೆನ್ಸ್ ಎಂದರೆ ಹೆದರಬೇಡಿ. ಪೊರೆ ಆಪರೇಷನ್ ಆದ ನಿಮ್ಮ ಮನೆಯ ಅಜ್ಜ ಅಜ್ಜಿಯರ ಕಣ್ಣಲ್ಲೂ ಲೆನ್ಸ್ ಇದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಅವನ್ನು ಕಣ್ಣು ಸಹಿಸಿಕೊಳ್ಳುವುದನ್ನು ಕಂಡ ವೈದ್ಯ ಹೆರಾಲ್ಡ್ ರಿಡ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ, 1949ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಕನ್ನಡಕವೇ ಗತಿ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗ 1992ರಲ್ಲಿ ಅರೋಲ್ಯಾಬ್ ಕಟ್ಟಿ ಕಡಿಮೆ ಬೆಲೆಗೆ ಲೆನ್ಸ್ ತಯಾರಿಸತೊಡಗಿದ ಮೇಲೆ ಬಡವರ ಕಣ್ಣಿಗೂ ಅದು ಎಟುಕಿತು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಪೊರೆ ಆಪರೇಷನ್ನಿನಲ್ಲಿ ಮಂಜಾದ ಸ್ವಂತ ಮಸೂರವನ್ನು ತೆಗೆದು ಕೃತಕ ಮಸೂರ ಇಡುತ್ತಾರೆ. ನನ್ನಂಥವರಿಗೆ ಸ್ವಂತ ಮಸೂರ ಹಾಗೇ ಇರುತ್ತದೆ. ಅದರ ಮುಂದೆ, ಪಾಪೆಯ ಸುತ್ತಲಿನ ಬಣ್ಣದ ಪರದೆಯ ಹಿಂದೆ, ಇನ್ನೊಂದು ತೆಳು ಲೆನ್ಸನ್ನು ಸೇರಿಸುತ್ತಾರೆ. ಐ.ಸಿ.ಎಲ್. ಎಂದು ಕರೆಯುವುದು ಇದನ್ನೇ. ಲೇಸರ್ ಚಿಕಿತ್ಸೆಯಲ್ಲಿ ಕಾರ್ನಿಯಾವನ್ನು ಸವೆಸುತ್ತಾರೆ. ಕಾರ್ನಿಯಾ ತೆಳ್ಳಗಿದ್ದರೆ, ನಂಬರ್ ತುಂಬ ಹೆಚ್ಚಿದ್ದರೆ ಅದು ಆಗುವುದಿಲ್ಲ. ಅಂಥವರಿಗೆ ಐ.ಸಿ.ಎಲ್. ಹೊಂದಬಹುದು.

ಆಪರೇಷನ್ನಿಗಿಂತ ಅದರ ಮುಂಚಿನ ಅಳತೆಗಳೇ ದೊಡ್ಡ ಕೆಲಸ. ಕಾರ್ನಿಯಾದಿಂದ ಮಸೂರದವರೆಗಿನ ಜಾಗದ ಆಳ, ಕಾರ್ನಿಯಾದ ಒಳಪದರದ ಜೀವಕೋಶಗಳ ಎಣಿಕೆ, ಕಣ್ಣಿನ ಒತ್ತಡ, ರೆಟಿನಾ ಎಲ್ಲವನ್ನೂ ನೋಡುತ್ತಾರೆ. ಜಾಗ ಸಾಲದಿದ್ದರೆ ಬೇಡ ಎನ್ನುತ್ತಾರೆ. ನನ್ನ ಸಹೋದ್ಯೋಗಿ ಒಬ್ಬರಿಗೆ ಹಾಗೇ ಆಯಿತು, ಅವರು ಕಾಂಟ್ಯಾಕ್ಟ್ ಲೆನ್ಸಿನಲ್ಲೇ ಮುಂದುವರಿದಿದ್ದಾರೆ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು, ಒಂದು ವರ್ಷವಾದರೂ ನಂಬರ್ ಬದಲಾಗದೆ ನಿಂತಿರಬೇಕು. ಎಲ್ಲ ಸರಿ ಇದ್ದರೆ, ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಸುಮಾರು 3 ಮಿಲಿಮೀಟರ್ ಸೀಳಿನಿಂದ ಮಡಚಿದ ಲೆನ್ಸನ್ನು ಒಳಗೆ ಬಿಡುತ್ತಾರೆ, ಅದು ಒಳಗೆ ಬಿಚ್ಚಿಕೊಳ್ಳುತ್ತದೆ. ಈಗಿನ ಲೆನ್ಸಿನ ನಡುವೆ 0.36 ಮಿಲಿಮೀಟರಿನ ಒಂದು ರಂಧ್ರ ಇರುತ್ತದೆ, ಕಣ್ಣಿನೊಳಗಿನ ದ್ರವ ಹರಿದಾಡಲು. ಕಣ್ಣಿಗೆ ಅರ್ಧ ಗಂಟೆಯ ಕೆಲಸ. ಆಮೇಲೆ ಕೆಲವು ವಾರ ಹನಿ ಹಾಕಬೇಕು, ಕಣ್ಣು ಉಜ್ಜಬಾರದು, ಕಣ್ಣಿಗೆ ನೀರು ಬೀಳಬಾರದು. ಮನೆಯಲ್ಲಿ ಅಮ್ಮ ಎಣ್ಣೆ ಸ್ನಾನ ಎಂದರೂ ಇಲ್ಲ ಎನ್ನಬೇಕು!

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಏನಾದರೂ ಬದಲಾಯಿಸುವ ಮುನ್ನ, 'ತೊಂದರೆಯಾದರೆ ಮೊದಲಿದ್ದ ಸ್ಥಿತಿಗೆ ತರಬಹುದೇ?' ಎಂದು ಕೇಳುತ್ತೇವೆ. ವೈದ್ಯರನ್ನೂ ಅದನ್ನೇ ಕೇಳಿದೆ. ಈ ಲೆನ್ಸನ್ನು ತೆಗೆಯಬಹುದು, ನಿಜ. ಆದರೆ ತೆಗೆಯುವುದೂ ಇನ್ನೊಂದು ಶಸ್ತ್ರಚಿಕಿತ್ಸೆಯೇ. ಕಾರ್ನಿಯಾದ ಒಳಪದರದ ಜೀವಕೋಶಗಳು ನಷ್ಟವಾದರೆ ಮತ್ತೆ ಬೆಳೆಯುವುದಿಲ್ಲ. ಕಣ್ಣಿನ ಒತ್ತಡ ಏರುವುದು, ಬೇಗ ಪೊರೆ ಬರುವುದು, ಅಪರೂಪಕ್ಕೆ ಕಣ್ಣಿನೊಳಗೆ ಸೋಂಕಾಗುವುದು ಇವೆಲ್ಲ ಸಾಧ್ಯವಿರುವ ಅಪಾಯಗಳು. ರಾತ್ರಿ ಎದುರಿನ ಲಾರಿಯ ದೀಪದ ಸುತ್ತ ನನಗೆ ಈಗಲೂ ತೆಳುವಾದ ಉಂಗುರ ಕಾಣುತ್ತದೆ.

ಖರ್ಚಿನ ಮಾತಿಗೆ ಬಂದರೆ, ದಿನಕ್ಕೊಂದು ಜೊತೆ ಬಿಸಾಡುವ ಲೆನ್ಸ್ ಹಾಕುವವರಿಗೆ ವರ್ಷಕ್ಕೆ 730 ಲೆನ್ಸ್ ಬೇಕು. ತಿಂಗಳ ಲೆನ್ಸ್ ಆದರೆ 24 ಸಾಕು, ಆದರೆ ದ್ರಾವಣದ ಖರ್ಚು ಸೇರುತ್ತದೆ. ಒಳಗಿನ ಲೆನ್ಸಿಗೆ ಖಾಸಗಿ ಆಸ್ಪತ್ರೆಯಲ್ಲಿ ಒಮ್ಮೆಲೇ ದೊಡ್ಡ ಮೊತ್ತ. ಅದಾದ ಮೇಲೂ ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸುವಂತಿಲ್ಲ. ಒಂದು ದಿನವೂ ಶಿಸ್ತು ಕೇಳುತ್ತದೆ, ಇನ್ನೊಂದು ಒಮ್ಮೆ ಗಟ್ಟಿ ನಿರ್ಧಾರ ಕೇಳುತ್ತದೆ. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ.

ನಾನು ಬಹಳ ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದು: ಎರಡೂ ಲೆನ್ಸ್ ಕಣ್ಣಿನ ನೋಟವನ್ನು ತಿದ್ದುತ್ತವೆ, ಕಣ್ಣನ್ನು ತಿದ್ದುವುದಿಲ್ಲ. ಉದ್ದವಾದ ಕಣ್ಣು ಉದ್ದವಾಗಿಯೇ ಇರುತ್ತದೆ. ಅದರ ರೆಟಿನಾ ಎಳೆದು ತೆಳ್ಳಗಾಗಿರುತ್ತದೆ, ಹರಿಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ಕನ್ನಡಕ ಹೋಯಿತು, ರೋಗವೂ ಹೋಯಿತು ಎಂದುಕೊಳ್ಳಬೇಡಿ. ಇದ್ದಕ್ಕಿದ್ದಂತೆ ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಹೆಚ್ಚಿದರೆ, ಒಂದು ಬದಿಗೆ ಪರದೆ ಎಳೆದಂತೆ ಕಂಡರೆ ಅದೇ ದಿನ ಕಣ್ಣಾಸ್ಪತ್ರೆಗೆ ಓಡಿ. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ನನಗೂ ಬರುತ್ತದೆ, ಈ ಲೆನ್ಸ್ ಅದನ್ನು ತಡೆಯುವುದಿಲ್ಲ.

ಪೋಷಕರೇ, ಮದುವೆಗಾಗಿ ಸಾಲ ಮಾಡಿ ಹದಿನೆಂಟರ ಹುಡುಗಿಯ ಕಣ್ಣಿಗೆ ಆಪರೇಷನ್ ಮಾಡಿಸಲು ಹೊರಡಬೇಡಿ. ಆ ವಯಸ್ಸಿನಲ್ಲಿ ನಂಬರ್ ಇನ್ನೂ ಬದಲಾಗುತ್ತಿರಬಹುದು. ಕನ್ನಡಕ ನೋಡಿ ಹುಡುಗಿ ಬೇಡ ಎನ್ನುವ ಮನೆಗೆ ಅವಳು ಹೋಗದಿದ್ದರೇ ಒಳಿತು. ಮುಂದೆ ಅವಳು ದುಡಿದು, ತಿಳಿದು, ತನಗೆ ಬೇಕೆನಿಸಿದರೆ ಮಾಡಿಸಿಕೊಳ್ಳಲಿ.

ಮಕ್ಕಳೇ, ಬೋರ್ಡು ಕಾಣದೆ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದರೆ ಇವತ್ತೇ ಮೇಷ್ಟ್ರಿಗೆ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಸುಮ್ಮನೆ 'ಕಾಣುತ್ತೆ' ಎಂದು ತಪ್ಪಿಸಿಕೊಳ್ಳಬೇಡಿ. ಕನ್ನಡಕ ಹಾಕಿದರೆ ನಂಬರ್ ಹೆಚ್ಚುತ್ತದೆ ಎಂಬುದು ಸುಳ್ಳು. ದಿನವೂ ಬಯಲಲ್ಲಿ ಆಡಿ, ಹೊರಗಿನ ಬೆಳಕು ಎಳೆಯ ಕಣ್ಣಿಗೆ ಒಳ್ಳೆಯದು. ನಿಮ್ಮ ವಯಸ್ಸಿಗೆ ಸರಿಯಾದ ನಂಬರಿನ ಒಂದು ಕನ್ನಡಕ, ಅದನ್ನು ಹಾಕಿಕೊಳ್ಳುವ ಧೈರ್ಯ, ಇವೆರಡಿದ್ದರೆ ಸಾಕು.

ಈ ಶಾಲೆಯ ಬೋರ್ಡಿನ ಮೇಲೆ ಕಲಿತ ನಿಮ್ನ ಮಸೂರವನ್ನು ಇವತ್ತು ಕಣ್ಣಲ್ಲೇ ಇಟ್ಟುಕೊಂಡು ಬಂದಿದ್ದೇನೆ.