ಯಂತ್ರದ ಅಚ್ಚಿನ ಕಾಂಕ್ರೀಟು ಬ್ಲಾಕು: ಅದರಿಂದ ನಮಗೇನು ಲಾಭ?

(ಸಂಘದ ಮಾಸಿಕ ಉಪನ್ಯಾಸದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ವೇದಿಕೆಯ ಮೇಲೆ ಸಾಹಿತ್ಯ, ಸಂಗೀತ, ನಾಟಕಗಳನ್ನು ಕುರಿತು ಬಲ್ಲವರು ಮಾತನಾಡುವುದು ರೂಢಿ. ಅಂಥ ವೇದಿಕೆಯ ಮೇಲೆ ನಿಂತು ಸಿಮೆಂಟು, ಮರಳು, ಜಲ್ಲಿಗಳ ಮಾತು ತೆಗೆದರೆ ಕೆಲವರಿಗೆ ನಗು ಬಂದೀತು. ನಾನು ಎಂಜಿನಿಯರನೂ ಅಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಆದರೆ ನನ್ನ ಮೇಜಿನ ಮುಂದೆ ಬಂದು ಕೂಡುವವರಲ್ಲಿ ಎರಡು ಬಗೆಯವರು ಈ ವಿಷಯವನ್ನು ನನ್ನ ತಲೆಗೆ ಹಚ್ಚಿದ್ದಾರೆ. ಇಪ್ಪತ್ತು ಮೂವತ್ತು ವರ್ಷ ಈ ಮುಂಬಯಿಯಲ್ಲಿ ದುಡಿದು, ಊರಿನಲ್ಲೊಂದು ಮನೆ ಕಟ್ಟಿಸಲು ಸಾಲ ಕೇಳುವವರು ಮೊದಲನೆಯವರು. ಊರಿಗೆ ಮರಳಿ ಬ್ಲಾಕು ತಯಾರಿಸುವ ಚಿಕ್ಕ ಕಾರ್ಖಾನೆ ತೆರೆಯಬೇಕೆಂದು ಯಂತ್ರಕ್ಕಾಗಿ ಸಾಲ ಕೇಳುವ ತರುಣರು ಎರಡನೆಯವರು. ಒಬ್ಬರು ಕೊಳ್ಳುವವರು, ಇನ್ನೊಬ್ಬರು ಮಾರುವವರು. ಇಬ್ಬರ ಪ್ರಶ್ನೆಯೂ ಒಂದೇ: ಕೈಯಿಂದ ಅಚ್ಚು ಹಾಕಿದರೆ ಆಗುವ ಕೆಲಸಕ್ಕೆ ಯಂತ್ರವೇಕೆ?

ಈ ಪ್ರಶ್ನೆ ಪರಸ್ಥಳದಲ್ಲಿರುವ ನಮಗೆ ಇನ್ನೂ ಹತ್ತಿರದ್ದು. ಊರಿನಲ್ಲೇ ಇರುವವನು ದಿನವೂ ಕೆಲಸದ ಮುಂದೆ ನಿಲ್ಲಬಲ್ಲ. ಸಿಮೆಂಟು ಎಷ್ಟು ಹಾಕಿದರು, ನೀರು ಎಷ್ಟು ಸುರಿದರು ಎಂದು ಕಣ್ಣಾರೆ ನೋಡಬಲ್ಲ. ನಾವೋ, ಗಣಪತಿ ಹಬ್ಬಕ್ಕೋ ಬೇಸಿಗೆ ರಜೆಗೋ ನಾಲ್ಕು ದಿನ ಹೋಗಿ ಬರುವವರು. ಉಳಿದ ದಿನಗಳಲ್ಲಿ ಅಣ್ಣನೋ ಸೋದರಮಾವನೋ ಒಂದು ಸುತ್ತು ಹಾಕಿ ಬರುತ್ತಾರೆ. ಮೇಸ್ತ್ರಿ ಮೊಬೈಲಿನಲ್ಲಿ ಚಿತ್ರ ಕಳಿಸುತ್ತಾನೆ. ಗೋಡೆ ಎಷ್ಟು ಎತ್ತರ ಬಂದಿತೆಂಬುದು ಚಿತ್ರದಲ್ಲಿ ಕಾಣುತ್ತದೆ. ಗೋಡೆಯೊಳಗಿನ ಬ್ಲಾಕು ಎಷ್ಟು ಗಟ್ಟಿ ಎಂಬುದು ಕಾಣುವುದಿಲ್ಲ. ಆದ್ದರಿಂದ ನಮ್ಮ ಕಣ್ಗಾವಲು ಇಲ್ಲದೆಯೂ ಗುಣ ಕೆಡದಂಥ ಸಾಮಗ್ರಿ ನಮಗೆ ಬೇಕು. ಯಂತ್ರದ ಹೆಚ್ಚುಗಾರಿಕೆ ಅದರ ವೇಗದಲ್ಲಿದೆಯೆಂದು ಹಲವರು ತಿಳಿದಿದ್ದಾರೆ. ವೇಗವೂ ಉಂಟು, ಆದರೆ ಮೊದಲನೆಯ ಬ್ಲಾಕಿಗೂ ಸಾವಿರದ ಬ್ಲಾಕಿಗೂ ಅಂತರವಿಲ್ಲದಂತೆ ಮಾಡುವುದೇ ಅದರ ದೊಡ್ಡ ಉಪಕಾರವೆಂದು ನನ್ನ ಅಭಿಪ್ರಾಯ.

ಕನ್ನಡ ನಾಡಿಗೆ ಇದು ಹೊಸ ಪಾಠವೇನಲ್ಲ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದಕ್ಕೆ ಮುಂಚೆ ಕೈಯಿಂದ ಮಾಡುತ್ತಿದ್ದ ನಾಡಹೆಂಚು ಒಂದೊಂದೂ ಒಂದೊಂದು ಆಕಾರದ್ದು. ದಟ್ಟವಾಗಿ ಹೊದಿಸಿ, ಮಳೆಗಾಲ ಬರುವ ಮೊದಲು ಮತ್ತೆ ಕೈಯಾಡಿಸಬೇಕಾಗುತ್ತಿತ್ತು. ಯಂತ್ರದಲ್ಲಿ ಒತ್ತಿ ತೆಗೆದ ಹೆಂಚಿನ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಸರಿಯಾಗಿ ಕುಳಿತುಕೊಳ್ಳುತ್ತದೆ. ಎಲ್ಲ ಹೆಂಚೂ ಒಂದೇ ಅಳತೆಯದಾಗದೆ ಇದು ಸಾಧ್ಯವೇ? ಹೆಂಚಿಗೆ ಒದಗಿದ ಆ ಭಾಗ್ಯವೇ ಮುಂದೆ ಗೋಡೆಯ ಬ್ಲಾಕಿಗೂ ಒದಗಿತು. ೧೯೦೦ರಲ್ಲಿ ಅಮೆರಿಕದ ಹಾರ್ಮನ್ ಪಾಮರ್ ಎಂಬವನು ಪೊಳ್ಳು ಕಾಂಕ್ರೀಟು ಬ್ಲಾಕಿನ ಯಂತ್ರಕ್ಕೆ ಪೇಟೆಂಟು ಪಡೆದನು. ಆಗಿನ ಯಂತ್ರಗಳು ಕೈಯಿಂದ ತುಂಬಿ, ಕೈಯಿಂದ ಕುಟ್ಟುವಂಥವು. ಅಚ್ಚನ್ನೇ ನಡುಗಿಸುವ ಯಂತ್ರಗಳು ಬಂದದ್ದು ಆಮೇಲೆ. ನಮ್ಮ ದೇಶದಲ್ಲಿ ಈ ಬ್ಲಾಕುಗಳಿಗೆ ಐ.ಎಸ್. ೨೧೮೫ ಎಂಬ ಭಾರತೀಯ ಮಾನಕ ಬಂದಿತು. ಅದನ್ನು ೧೯೭೯ರಲ್ಲಿಯೂ ೨೦೦೫ರಲ್ಲಿಯೂ ಪರಿಷ್ಕರಿಸಲಾಯಿತು.

ಈಗ ಯಂತ್ರ ಮಾಡುವ ಕೆಲಸವನ್ನು ನೋಡೋಣ. ಕಾಂಕ್ರೀಟಿನ ಬಲಕ್ಕೆ ನೀರು ಮಿತ್ರನೂ ಹೌದು, ಶತ್ರುವೂ ಹೌದು. ಸಿಮೆಂಟು ಗಟ್ಟಿಯಾಗಲು ನೀರು ಬೇಕೇ ಬೇಕು. ಆದರೆ ಬೇಕಾದುದಕ್ಕಿಂತ ಹೆಚ್ಚು ಸುರಿದ ನೀರು ಮುಂದೆ ಆರಿಹೋದಾಗ, ಅದು ಇದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಸಿಮೆಂಟಿಗೆ ಹೋಲಿಸಿದರೆ ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆಂಬ ನಿಯಮವನ್ನು ಡಫ್ ಏಬ್ರಮ್ಸ್ ಎಂಬ ವಿಜ್ಞಾನಿ ೧೯೧೮ರಲ್ಲೇ ತೋರಿಸಿಕೊಟ್ಟನು. ಹಾಗಾದರೆ ನೀರು ಕಡಿಮೆ ಹಾಕಿದರಾಯಿತು ಎನ್ನಬಹುದು. ತೊಡಕು ಇರುವುದು ಅಲ್ಲಿಯೇ. ನೀರು ಕಡಿಮೆಯಾದ ಮಿಶ್ರಣ ಉದುರು ಉದುರಾಗಿರುತ್ತದೆ. ಕೈಯಿಂದ ಎಷ್ಟು ಕುಟ್ಟಿದರೂ ಅಚ್ಚಿನ ಮೂಲೆಗೆ ಇಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತೋಳು ಸೋತ ಕೆಲಸಗಾರ ಇನ್ನೊಂದು ಚೊಂಬು ನೀರು ಸೇರಿಸುತ್ತಾನೆ. ಮಿಶ್ರಣ ಮೆತ್ತಗಾಗಿ ಸಲೀಸಾಗಿ ಇಳಿಯುತ್ತದೆ. ಅದರ ಜೊತೆಗೆ ಬ್ಲಾಕಿನ ಬಲವೂ ಇಳಿಯುತ್ತದೆ. ಬೆಳಗಿನ ಬ್ಲಾಕು ಒಂದು ಬಗೆ, ಸಂಜೆಯ ಬ್ಲಾಕು ಇನ್ನೊಂದು ಬಗೆ.

ಯಂತ್ರ ಈ ತೊಡಕನ್ನು ಕಂಪನದಿಂದ ಬಿಡಿಸುತ್ತದೆ. ನಮ್ಮ ತಾಯಂದಿರಿಗೆ ಈ ಉಪಾಯ ಗೊತ್ತಿರುವುದೇ. ಡಬ್ಬಿಗೆ ರವೆ ತುಂಬುವಾಗ, ತುಂಬಿತೆಂದು ತೋರಿದ ಮೇಲೆ ಡಬ್ಬಿಯನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ರವೆ ಕುಸಿದು ಇನ್ನೊಂದು ಪಾವಿಗೆ ಜಾಗವಾಗುತ್ತದೆ. ಯಂತ್ರವು ಅಚ್ಚನ್ನು ನಿಮಿಷಕ್ಕೆ ಸಾವಿರಾರು ಸಲ ನಡುಗಿಸುತ್ತ ಮೇಲಿನಿಂದ ಒತ್ತುತ್ತದೆ. ಉದುರು ಮಿಶ್ರಣದ ಕಣಗಳು ಜಾರಿ ಒಂದರ ಸಂದಿಯಲ್ಲೊಂದು ಕೂಡುತ್ತವೆ. ನಡುವಿನ ಗಾಳಿ ಹೊರಬೀಳುತ್ತದೆ. ಕಾಂಕ್ರೀಟಿನಲ್ಲಿ ಶೇಕಡಾ ೫ರಷ್ಟು ಗಾಳಿಯ ಪೊಳ್ಳು ಉಳಿದರೆ ಬಲದಲ್ಲಿ ಸುಮಾರು ಶೇಕಡಾ ೩೦ ನಷ್ಟವೆಂದು ಕಾಂಕ್ರೀಟು ಶಾಸ್ತ್ರದವರು ಹೇಳುತ್ತಾರೆ. ಮಿಶ್ರಣ ಒಣಗಿದ್ದು ದಟ್ಟವಾಗಿರುವುದರಿಂದ ಅಚ್ಚನ್ನು ಕೂಡಲೇ ಎತ್ತಿದರೂ ಬ್ಲಾಕು ನಿಂತಲ್ಲೇ ನಿಲ್ಲುತ್ತದೆ. ಅದೇ ಅಚ್ಚು ಮರುಗಳಿಗೆಗೆ ಇನ್ನೊಂದು ಬ್ಲಾಕಿಗೆ ಒದಗುತ್ತದೆ. ವೇಗ ಬರುವುದು ಹೀಗೆ.

ಅಳತೆಯದು ಇನ್ನೊಂದು ಮಾತು. ಕೈಕೆಲಸದಲ್ಲಿ ಮರಳನ್ನು ಬಾಂಡಲಿಯಿಂದ ಅಳೆಯುತ್ತಾರೆ. ಆದರೆ ತೇವದ ಮರಳು ಉಬ್ಬುತ್ತದೆ. ಕಾಲು ಭಾಗದಷ್ಟು ಉಬ್ಬುವುದೂ ಉಂಟು. ಆದ್ದರಿಂದ ಮಳೆಗಾಲದ ಬಾಂಡಲಿಯೂ ಬೇಸಿಗೆಯ ಬಾಂಡಲಿಯೂ ಒಂದೇ ಅಲ್ಲ. ಒಳ್ಳೆಯ ಯಂತ್ರಶಾಲೆಯಲ್ಲಿ ಸಾಮಗ್ರಿಯನ್ನು ತೂಗಿ ಹಾಕುತ್ತಾರೆ, ಮಿಶ್ರಣವನ್ನೂ ಯಂತ್ರದಲ್ಲೇ ಕಲಸುತ್ತಾರೆ. ತೂಗಿದ್ದಕ್ಕೆ ಲೆಕ್ಕವಿರುತ್ತದೆ, ಲೆಕ್ಕವಿದ್ದಲ್ಲಿ ಸಿಮೆಂಟು ಪೋಲಾಗುವುದೂ ಕಡಿಮೆ, ಕದಿಯುವುದೂ ಕಡಿಮೆ.

ಇನ್ನು ಗೋಡೆಯ ಲೆಕ್ಕ. ಇದು ನನ್ನ ಕಸುಬಿನ ಮಾತಾದ್ದರಿಂದ ತುಸು ವಿವರವಾಗಿ ಹೇಳಲು ಅಪ್ಪಣೆಯಾಗಲಿ. ಸಾಮಾನ್ಯ ಬ್ಲಾಕಿನ ಅಳತೆ ೩೯೦ × ೧೯೦ × ೧೯೦ ಮಿಲಿಮೀಟರು. ಗಾರೆಯ ೧೦ ಮಿಲಿಮೀಟರು ಸೇರಿದರೆ ೪೦೦ × ೨೦೦ × ೨೦೦. ಮಾನಕದ ಇಟ್ಟಿಗೆ ೧೯೦ × ೯೦ × ೯೦. ಅಂದರೆ ಒಂದು ಬ್ಲಾಕು ಎಂಟು ಇಟ್ಟಿಗೆಗಳ ಜಾಗ ತುಂಬುತ್ತದೆ. ಒಂದು ಘನಮೀಟರು ಇಟ್ಟಿಗೆಯ ಗೋಡೆಯಲ್ಲಿ ಸುಮಾರು ೨೩ ಪಾಲು ಗಾರೆಯೇ ಇರುತ್ತದೆ. ಬ್ಲಾಕಿನ ಗೋಡೆಯಲ್ಲಿ ೧೨ ಪಾಲು. ಗಾರೆ ಅರ್ಧಕ್ಕರ್ಧ ಉಳಿಯಿತೆಂದೇ ಹೇಳಬಹುದು. ಆದರೆ ಈ ಉಳಿತಾಯ ಕೈಗೆ ಬರುವುದು ಬ್ಲಾಕುಗಳೆಲ್ಲ ಸರಿಸಮನಾಗಿದ್ದಾಗ ಮಾತ್ರ. ಉದ್ದದಲ್ಲಿ ೫ ಮಿಲಿಮೀಟರು, ಎತ್ತರ ಅಗಲಗಳಲ್ಲಿ ೩ ಮಿಲಿಮೀಟರುಗಳಿಗಿಂತ ಹೆಚ್ಚು ಏರುಪೇರು ಆಗಬಾರದೆಂದು ಮಾನಕ ಹೇಳುತ್ತದೆ. ಸವೆದ ಅಚ್ಚಿನಲ್ಲಿ ಕೈಯಿಂದ ಮಾಡಿದವು ಈ ಕಟ್ಟಳೆಗೆ ನಿಲ್ಲುವುದು ಕಷ್ಟ. ಆಗ ಗೋಡೆಯ ಉಬ್ಬುತಗ್ಗನ್ನು ಗಿಲಾವಿನಿಂದ ಮುಚ್ಚಬೇಕು. ನೂರು ಚದರ ಮೀಟರು ಗೋಡೆಗೆ ಗಿಲಾವು ೫ ಮಿಲಿಮೀಟರು ದಪ್ಪವಾದರೆ ಅರ್ಧ ಘನಮೀಟರು ಗಾರೆ ಹೆಚ್ಚಿಗೆ ಬೇಕು. ಒಂದಕ್ಕೆ ಆರರ ಗಾರೆಯಲ್ಲಿ ಅದು ಎರಡೂವರೆ ಚೀಲಕ್ಕೂ ಮೇಲೆ ಸಿಮೆಂಟು. ಮರಳು, ಕೂಲಿ ಬೇರೆ. ಬ್ಲಾಕಿನಲ್ಲಿ ಒಂದೆರಡು ರೂಪಾಯಿ ಉಳಿಸಿದೆವೆಂದು ಹಿಗ್ಗಿದವರು ಗಿಲಾವಿನಲ್ಲಿ ಅದನ್ನು ಬಡ್ಡಿಸಹಿತ ತೆರುವುದು ಹೀಗೆ.

ಯಂತ್ರ ಬಂದರೆ ಬಡವನ ಕೂಲಿ ಹೋಗುವುದಲ್ಲವೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಈ ಮುಂಬಯಿ, ಪುಣೆಗಳ ಕಟ್ಟಡಗಳ ಮೇಲೆ ದುಡಿಯುವವರಲ್ಲಿ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಜನ ಎಷ್ಟಿದ್ದಾರೆಂಬುದು ನಮಗೆಲ್ಲ ಗೊತ್ತು. ಇಂಥದೇ ಗಟ್ಟಿ ಬ್ಲಾಕೊಂದರ ತೂಕ ಮೂವತ್ತು ಕಿಲೋಗ್ರಾಮಿನ ಹತ್ತಿರ. ಪೊಳ್ಳು ಬ್ಲಾಕು ಇಪ್ಪತ್ತರ ಆಚೆ ಈಚೆ. ದಿನವಿಡೀ ಬಗ್ಗಿ ಕುಟ್ಟುವ, ಎತ್ತಿ ಇಳಿಸುವ ಸೊಂಟಕ್ಕೆ ಯಂತ್ರ ವೈರಿಯಲ್ಲ. ಕುಟ್ಟುವ ಕೆಲಸ ಕಡಿಮೆಯಾದೀತು, ನಿಜ. ಆದರೆ ಯಂತ್ರ ನಡೆಸುವ, ತೂಗುವ, ನೀರುಣಿಸುವ, ಸಾಗಿಸುವ ಕೆಲಸಗಳು ಹುಟ್ಟುತ್ತವೆ. ಅಂಥದೊಂದು ಕಾರ್ಖಾನೆ ಊರ ಬಳಿಯೇ ಎದ್ದರೆ ಕೆಲವರಾದರೂ ರೈಲು ಹತ್ತುವುದು ತಪ್ಪೀತು. ಯಂತ್ರವೆಂದರೆ ಲಕ್ಷಾಂತರ ರೂಪಾಯಿಯದೇ ಆಗಬೇಕೆಂದೂ ಇಲ್ಲ. ಗಾಲಿಗಳ ಮೇಲೆ ಸರಿಯುತ್ತ ನೆಲದ ಮೇಲೆ ಬ್ಲಾಕು ಇಟ್ಟು ಮುಂದೆ ಹೋಗುವ ಚಿಕ್ಕ ಯಂತ್ರಗಳುಂಟು. ಕೋಳಿ ಮೊಟ್ಟೆಯಿಟ್ಟಂತೆ ಕಾಣುವುದರಿಂದ ಅವಕ್ಕೆ ಮೊಟ್ಟೆಯಿಡುವ ಯಂತ್ರವೆಂದೇ ಹೆಸರು.

ಕಾರ್ಖಾನೆ ತೆರೆಯಬಯಸುವ ತರುಣರಿಗೆ ಲೆಕ್ಕದ ಎರಡು ಮಾತು. ಯಂತ್ರದ ಸವಕಳಿ, ಸಾಲದ ಬಡ್ಡಿ, ಜಾಗದ ಬಾಡಿಗೆ ಇವು ಬ್ಲಾಕು ಮಾಡಿದರೂ ಮಾಡದಿದ್ದರೂ ತಪ್ಪದ ಖರ್ಚು. ಇದು ವರ್ಷಕ್ಕೆ ಆರು ಲಕ್ಷವೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಒಂದು ಲಕ್ಷ ಬ್ಲಾಕು ಮಾಡಿದರೆ ಒಂದೊಂದರ ತಲೆಯ ಮೇಲೆ ಆರು ರೂಪಾಯಿ ಕೂಡುತ್ತದೆ. ಮೂರು ಲಕ್ಷ ಮಾಡಿದರೆ ಎರಡೇ ರೂಪಾಯಿ. ಆದ್ದರಿಂದ ಸುತ್ತಲಿನ ಪೇಟೆ ಎಷ್ಟು ಕೊಂಡೀತೆಂದು ತಿಳಿದು ಯಂತ್ರ ಆರಿಸಬೇಕೇ ಹೊರತು, ಸಹಾಯಧನ ಸಿಗುವುದೆಂದು ದೊಡ್ಡದನ್ನು ತರಬಾರದು.

ಎರಡನೆಯದು ಇನ್ನೂ ಮುಖ್ಯ. ಮಾನಕದ ಪ್ರಕಾರ ಬ್ಲಾಕಿಗೆ ಕನಿಷ್ಠ ೧೪ ದಿನ ನೀರುಣಿಸಬೇಕು. ಬಳಿಕ ನಾಲ್ಕು ವಾರ ಒಣಗಲು ಬಿಡಬೇಕು. ಒಟ್ಟು ೪೨ ದಿನ. ದಿನಕ್ಕೆ ಸಾವಿರ ಬ್ಲಾಕು ತೆಗೆಯುವವನ ಅಂಗಳದಲ್ಲಿ ೪೨,೦೦೦ ಬ್ಲಾಕು ಸದಾ ಕೂತಿರಬೇಕಾಯಿತು. ಒಂದೊಂದರಲ್ಲಿ ಎರಡು ಕಿಲೋ ಸಿಮೆಂಟು ಎಂದು ಹಿಡಿದರೂ ೮೪ ಟನ್ನು, ಅಂದರೆ ೧,೬೮೦ ಚೀಲ ಸಿಮೆಂಟಿನ ಹಣ ಅಂಗಳದಲ್ಲಿ ಸಿಕ್ಕಿಕೊಂಡಿತು. ಯಂತ್ರಕ್ಕೆ ಮಾತ್ರ ಸಾಲ ಪಡೆದು, ಈ ದುಡಿಯುವ ಬಂಡವಾಳವನ್ನು ಮರೆತವರು ಮೂರನೆಯ ತಿಂಗಳಿಗೆ ಕಷ್ಟಕ್ಕೆ ಬೀಳುತ್ತಾರೆ. ಕಷ್ಟಕ್ಕೆ ಬಿದ್ದವರು ಮೊದಲು ಕತ್ತರಿಸುವುದು ನೀರುಣಿಸುವ ದಿನಗಳನ್ನೇ! ಹಸಿ ಬ್ಲಾಕು ಲಾರಿ ಹತ್ತುತ್ತದೆ. ಅದು ಬಂದು ಸೇರುವುದು ದೂರದಲ್ಲಿರುವ ನಮ್ಮಂಥವರ ಗೋಡೆಗೆ. ಯಂತ್ರ ಎಷ್ಟೇ ಉತ್ತಮವಾಗಿರಲಿ, ನೀರು ಕುಡಿಯದ ಬ್ಲಾಕನ್ನು ಅದು ಗಟ್ಟಿ ಮಾಡಲಾರದು. ಮಣ್ಣು ಬೆರೆತ ಮರಳನ್ನೂ ಅದು ತೊಳೆಯಲಾರದು. ಸಿಮೆಂಟು ಸುರಿದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಜಲ್ಲಿಮರಳಿಗಿಂತ ಕಡಿಮೆ ಇರಬಾರದೆಂದು ಮಾನಕವೇ ಹೇಳುತ್ತದೆ. ಸಿಮೆಂಟು ಅತಿಯಾದ ಬ್ಲಾಕು ಒಣಗುವಾಗ ಹೆಚ್ಚು ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ.

ಮನೆ ಕಟ್ಟಿಸುವವರು ದೂರದಿಂದಲೂ ಮಾಡಿಸಬಹುದಾದ ಪರೀಕ್ಷೆಗಳಿವೆ. ಅಚ್ಚು ಹಾಕಿದ ತಾರೀಖನ್ನು ಕೇಳಿ ಬರೆಸಿಕೊಳ್ಳಿ. ಬಲಪರೀಕ್ಷೆಯ ವರದಿ ಕೇಳಿ. ಮಾನಕದಲ್ಲಿ ಗಟ್ಟಿ ಬ್ಲಾಕಿಗೆ ಚದರ ಮಿಲಿಮೀಟರಿಗೆ ೪ ಮತ್ತು ೫ ನ್ಯೂಟನ್ ಎಂಬ ಎರಡು ದರ್ಜೆಗಳಿವೆ. ಹತ್ತು ಬ್ಲಾಕುಗಳನ್ನು ಸಾಲಾಗಿ ಒತ್ತಿಟ್ಟು ಟೇಪು ಹಿಡಿಸಿ; ಮೂರು ಮೀಟರು ತೊಂಬತ್ತು ಸೆಂಟಿಮೀಟರಿನ ಹತ್ತಿರ ಬರಬೇಕು. ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿಸಿ. ಇಪ್ಪತ್ತು ಕಿಲೋದ ಬ್ಲಾಕು ಎರಡು ಕಿಲೋಗಿಂತ ಹೆಚ್ಚು ನೀರು ಹೀರಬಾರದು. ಕೊನೆಯದಾಗಿ ಮೇಸ್ತ್ರಿಗೆ ಒಂದು ಮಾತು ಹೇಳಿ: ಇಟ್ಟಿಗೆಯನ್ನು ನೆನೆಸಿ ಕಟ್ಟುವ ಹಾಗೆ ಬ್ಲಾಕನ್ನು ನೆನೆಸಬಾರದು. ನೆನೆದ ಬ್ಲಾಕು ಗೋಡೆಯಲ್ಲಿ ಒಣಗುತ್ತ ಕುಗ್ಗಿ ಬಿರುಕಿಗೆ ದಾರಿಯಾಗುತ್ತದೆ. ಬಿಸಿಲು ಬಹಳವಿದ್ದರೆ ಮೇಲ್ಮೈಯನ್ನು ತುಸು ತೇವ ಮಾಡಿದರೆ ಸಾಕು.

ಎಲ್ಲರೂ ಬ್ಲಾಕಿನಿಂದಲೇ ಮನೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಕರಾವಳಿಯವರಿಗೆ ಒಳ್ಳೆಯ ಕೆಂಪುಕಲ್ಲು ಹತ್ತಿರದಲ್ಲೇ ಸಿಕ್ಕರೆ, ಬಿಜಾಪುರದ ಕಡೆಯವರಿಗೆ ಒಳ್ಳೆಯ ಕಲ್ಲು ಸಿಕ್ಕರೆ, ಅದನ್ನು ಬಿಟ್ಟು ದೂರದ ಬ್ಲಾಕಿಗೆ ಲಾರಿ ಬಾಡಿಗೆ ತೆರುವುದು ಜಾಣತನವಲ್ಲ. ಆದರೆ ಬ್ಲಾಕಿನಿಂದ ಕಟ್ಟುವುದೆಂದು ನಿಶ್ಚಯಿಸಿದ ಮೇಲೆ ತೂಗಿ, ನಡುಗಿಸಿ, ಒತ್ತಿ, ನೀರುಣಿಸಿ ತಯಾರಾದ ಬ್ಲಾಕನ್ನೇ ಆರಿಸಿಕೊಳ್ಳೋಣ. ಪರಸ್ಥಳದಲ್ಲಿ ಒಂದೊಂದು ರೂಪಾಯಿ ಕೂಡಿಟ್ಟವರ ಮನೆ ಅದು. ನಾವು ಎದುರು ನಿಂತು ಕಾಯಲಾಗದ ಕೆಲಸವನ್ನು ನಮ್ಮ ಪರವಾಗಿ ಅಚ್ಚೂ ತಕ್ಕಡಿಯೂ ಕಾಯುವುದಾದರೆ, ಅವಕ್ಕೆ ಕೊಡುವ ಹಣ ದಂಡವಲ್ಲ.